ಕಸ್ಟಮ್ ಹೌಸ್: ಸವಾರರ ಹೆಸರಿನ ಬೀದಿಗಳು

ಪೂರ್ವ ಲಂಡನ್ನಿನ ಕಸ್ಟಮ್ ಹೌಸ್ ನಿಲ್ದಾಣದಲ್ಲಿ ಇಳಿಯುವವರಲ್ಲಿ ಬಹುಪಾಲು ಜನ ದಕ್ಷಿಣಕ್ಕೆ, ಎಕ್ಸೆಲ್ ವಸ್ತುಪ್ರದರ್ಶನ ಕೇಂದ್ರದ ಕಡೆಗೆ ಹೊರಟುಬಿಡುತ್ತಾರೆ. ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ಒಂದು ವಸತಿ ಬಡಾವಣೆ ಸಿಗುತ್ತದೆ. ಮೇಲ್ನೋಟಕ್ಕೆ ಲಂಡನ್ನಿನ ಇಂಥ ನೂರಾರು ಬಡಾವಣೆಗಳಲ್ಲಿ ಇದೂ ಒಂದು. ಬೀದಿ ಫಲಕಗಳನ್ನು ಮಾತ್ರ ನಿಧಾನವಾಗಿ ಓದಬೇಕು: ಅಟ್ಕಿನ್ಸನ್ ರೋಡ್, ಕ್ರೂಮ್ಸ್ ರೋಡ್, ವಿಲ್ಕಿನ್ಸನ್ ರೋಡ್, ಯಂಗ್ ರೋಡ್, ಹಾಸ್ಕಿನ್ಸ್ ಕ್ಲೋಸ್. ಇವರಾರೂ ರಾಜಕಾರಣಿಗಳಲ್ಲ, ದಂಡನಾಯಕರಲ್ಲ. ಮೊದಲ ನಾಲ್ವರು ಬ್ರೇಕಿಲ್ಲದ ಮೋಟಾರ್‌ಸೈಕಲ್ ಓಡಿಸಿ ಹೆಸರು ಮಾಡಿದವರು. ಕೊನೆಯವರು ಆ ಓಟಗಳನ್ನು ನಡೆಸಿದವರು. ಈ ಮನೆಗಳಿರುವ ಜಾಗದಲ್ಲಿ 1972ರವರೆಗೆ ವೆಸ್ಟ್ ಹ್ಯಾಮ್ ಸ್ಟೇಡಿಯಂ ಇತ್ತು.

ಸ್ಪೀಡ್‌ವೇ ಎಂಬ ಆಟ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಮೊಟ್ಟೆಯಾಕಾರದ ಸಣ್ಣ ಮಣ್ಣಿನ ಟ್ರ್ಯಾಕ್, ನಾಲ್ವರು ಸವಾರರು, ನಾಲ್ಕು ಸುತ್ತು. ಒಂದು ನಿಮಿಷದ ಆಸುಪಾಸಿನಲ್ಲಿ ಓಟ ಮುಗಿಯುತ್ತದೆ. 500 ಸಿಸಿ ಗಾಡಿ, ಒಂದೇ ಗೇರು, ಮೆಥನಾಲ್ ಇಂಧನ. ಬ್ರೇಕ್ ಇಲ್ಲವಾದ್ದರಿಂದ ತಿರುವಿನಲ್ಲಿ ಸವಾರ ಹಿಂದಿನ ಚಕ್ರವನ್ನು ಬೇಕೆಂದೇ ಅಡ್ಡಕ್ಕೆ ಜಾರಿಸುತ್ತಾನೆ. ಉಕ್ಕಿನ ತಳ ಹಾಕಿದ ಎಡಗಾಲನ್ನು ನೆಲಕ್ಕೆ ಊರಿ, ಹ್ಯಾಂಡಲನ್ನು ತಿರುವಿನ ವಿರುದ್ಧ ದಿಕ್ಕಿಗೆ ತಿರುಗಿಸಿ, ಆ ಜಾರಿಕೆಯಲ್ಲೇ ಗಾಡಿಯನ್ನು ನಿಭಾಯಿಸುತ್ತಾನೆ. ಚಕ್ರದಿಂದ ಚಿಮ್ಮಿದ ಕೆಂಪು ಮಣ್ಣು ತಿರುವಿನ ಬೇಲಿಗೆ ಒರಗಿ ನಿಂತವರ ಮುಖ, ಮೈಮೇಲೆಲ್ಲ ಬೀಳುತ್ತದೆ. ಹಾಗಿದ್ದೂ ಜನ ಅಲ್ಲೇ ನಿಲ್ಲಲು ಬಯಸುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ಬೆಳೆದ ಈ ಆಟ 1928ರ ಫೆಬ್ರವರಿ 19ರಂದು ಲಂಡನ್ ಬಳಿಯ ಎಪಿಂಗ್ ಕಾಡಿನ ಹೈ ಬೀಚ್‌ನಲ್ಲಿ, ಒಂದು ಪಬ್ಬಿನ ಹಿತ್ತಲಿನಲ್ಲಿ ನಡೆದಾಗ ಸಾವಿರಾರು ಜನ ಮುಗಿಬಿದ್ದರು. ಅದೇ ವರ್ಷ ಕಸ್ಟಮ್ ಹೌಸ್‌ನಲ್ಲೂ ಓಟ ಶುರುವಾಯಿತು.

ಸ್ಟೇಡಿಯಂ ಚಿಕ್ಕದಾಗಿರಲಿಲ್ಲ. ಬ್ರಿಟನ್ನಿನ ದೊಡ್ಡ ಫುಟ್‌ಬಾಲ್ ಮೈದಾನಗಳನ್ನು ರೂಪಿಸಿದ ಆರ್ಚಿಬಾಲ್ಡ್ ಲೀಚ್ ಇದರ ವಿನ್ಯಾಸಕಾರ. ಲಕ್ಷಕ್ಕೂ ಹೆಚ್ಚು ಜನ ಹಿಡಿಸುವ ಲೆಕ್ಕದಲ್ಲಿ ಕಟ್ಟಿದ್ದು. ಥೇಮ್ಸ್ ಎಂಬ ಫುಟ್‌ಬಾಲ್ ತಂಡವೂ ಇಲ್ಲೇ ಆಡುತ್ತಿತ್ತು. 1930ರ ಡಿಸೆಂಬರಿನಲ್ಲಿ ಲೂಟನ್ ವಿರುದ್ಧದ ಅದರ ಪಂದ್ಯಕ್ಕೆ ಬಂದವರು 469 ಮಂದಿ. ಇದೇ ಮೈದಾನದಲ್ಲಿ 1933ರಲ್ಲಿ ಇಂಗ್ಲೆಂಡ್–ಆಸ್ಟ್ರೇಲಿಯಾ ಸ್ಪೀಡ್‌ವೇ ಟೆಸ್ಟ್ ನೋಡಲು 80 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಪಕ್ಕದ ರಾಯಲ್ ಡಾಕ್ಸ್ ಬಂದರಿನಲ್ಲಿ ದಿನವಿಡೀ ದುಡಿದವರು, ಅವರ ಹೆಂಡಿರು ಮಕ್ಕಳು ಈ ಆಟವನ್ನು ತಮ್ಮದಾಗಿಸಿಕೊಂಡಿದ್ದರು.

ಅವರನ್ನು ಹಿಡಿದಿಟ್ಟವರು ಜಾನಿ ಹಾಸ್ಕಿನ್ಸ್. ನ್ಯೂಜಿಲೆಂಡ್ ಮೂಲದ ಈ ಆಯೋಜಕ ಓಟದ ಜೊತೆಗೆ ತಮಾಷೆಯನ್ನೂ ಕೊಡುತ್ತಿದ್ದರು. ಸವಾರರು ಅವರ ಟೋಪಿ ಕಿತ್ತು ಬೆಂಕಿ ಹಚ್ಚುವುದು ಒಂದು ಪದ್ಧತಿಯೇ ಆಗಿಹೋಗಿತ್ತು. ಇಲ್ಲಿನ ವೆಸ್ಟ್ ಹ್ಯಾಮ್ ಸ್ಪೀಡ್‌ವೇ ತಂಡದ ಸವಾರ ಬ್ಲೂಯಿ ವಿಲ್ಕಿನ್ಸನ್ನರ ಕಥೆ ಬೇರೆಯದೇ. 1936ರ ಮೊದಲ ವಿಶ್ವ ಫೈನಲ್‌ನಲ್ಲಿ ಈ ಆಸ್ಟ್ರೇಲಿಯನ್ ತಾನು ಇಳಿದ ಐದೂ ಓಟ ಗೆದ್ದರೂ, ಹಿಂದಿನ ಸುತ್ತುಗಳ ಬೋನಸ್ ಅಂಕಗಳನ್ನು ಕೂಡಿಸಿದ ಕಾರಣ ಮೂರನೆಯ ಸ್ಥಾನಕ್ಕೆ ಇಳಿಯಬೇಕಾಯಿತು. 1938ರಲ್ಲಿ, ಪೆಟ್ಟಾದ ಭುಜಕ್ಕೆ ಕಟ್ಟು ಹಾಕಿಸಿಕೊಂಡು ವೆಂಬ್ಲಿಗೆ ಬಂದು ಪ್ರಶಸ್ತಿ ಗೆದ್ದರು. ಎರಡೇ ವರ್ಷದಲ್ಲಿ ಸಿಡ್ನಿಯ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇನ್ನೊಬ್ಬ ಆಸ್ಟ್ರೇಲಿಯನ್ ಜ್ಯಾಕ್ ಯಂಗ್ 1951 ಮತ್ತು 1952ರಲ್ಲಿ ಗೆದ್ದು, ಎರಡು ಬಾರಿ ವಿಶ್ವ ಚಾಂಪಿಯನ್ ಆದ ಮೊದಲಿಗರೆನಿಸಿದರು. ಎರಡನೆಯ ಗೆಲುವಿನ ಹೊತ್ತಿಗೆ ಅವರು ವೆಸ್ಟ್ ಹ್ಯಾಮ್ ತಂಡದವರಾಗಿದ್ದರು.

ಐವತ್ತರ ದಶಕದ ನಡುವೆ ತಂಡ ಮುಚ್ಚಿತು. 1964ರಲ್ಲಿ ಮತ್ತೆ ಎದ್ದು, ಮರುವರ್ಷವೇ ಹೊಸದಾಗಿ ಶುರುವಾದ ಬ್ರಿಟಿಷ್ ಲೀಗನ್ನು ಗೆದ್ದಿತು. 1970ರ ಜುಲೈಯಲ್ಲಿ ಬೆಲ್ಜಿಯಂನ ಲೋಕೆರೆನ್ ಬಳಿ, ಪ್ರವಾಸದಿಂದ ಮರಳುತ್ತಿದ್ದ ತಂಡದ ಮಿನಿಬಸ್ ಅಪಘಾತಕ್ಕೀಡಾಗಿ ವ್ಯವಸ್ಥಾಪಕ ಫಿಲ್ ಬಿಷಪ್ ಮತ್ತು ಹಲವು ಸವಾರರು ಸತ್ತರು. ಎರಡು ವರ್ಷ ಕಳೆಯುವಷ್ಟರಲ್ಲಿ, 1972ರ ಮೇ ತಿಂಗಳಲ್ಲಿ ಕೊನೆಯ ಓಟ. ಆಮೇಲೆ ಸ್ಟೇಡಿಯಂ ಕೆಡವಿ ಮನೆ ಕಟ್ಟಿದರು.

ಜನ ಬರುವುದು ನಿಂತದ್ದರಿಂದ ಟ್ರ್ಯಾಕುಗಳು ಮುಚ್ಚಿದವು ಎಂದು ಹೇಳುವುದು ಸುಲಭ. ನನ್ನ ಮಟ್ಟಿಗೆ ಅದು ಅರ್ಧ ಸತ್ಯ. ಬ್ರಿಟನ್ನಿನ ಹೆಚ್ಚಿನ ಸ್ಪೀಡ್‌ವೇ ತಂಡಗಳಿಗೆ ಸ್ವಂತ ನೆಲ ಇರಲಿಲ್ಲ. 1926ರ ನಂತರ ಊರೂರಿನಲ್ಲಿ ಎದ್ದ ಗ್ರೇಹೌಂಡ್ ನಾಯಿ ಓಟದ ಸ್ಟೇಡಿಯಂಗಳಲ್ಲಿ ಅವು ಬಾಡಿಗೆಗಿದ್ದವು. ಸ್ಟೇಡಿಯಂ ಬದುಕಿದ್ದು ನಾಯಿಗಳ ಮೇಲಿನ ಬಾಜಿಯಿಂದ. 1961ರಲ್ಲಿ ಬೀದಿ ಬೀದಿಗೆ ಬಾಜಿ ಅಂಗಡಿ ತೆರೆಯಲು ಕಾನೂನು ಅವಕಾಶ ಕೊಟ್ಟ ಮೇಲೆ, ಹಣ ಕಟ್ಟಲು ಸ್ಟೇಡಿಯಂವರೆಗೆ ಹೋಗಬೇಕಾದ ಅಗತ್ಯ ಉಳಿಯಲಿಲ್ಲ. ಇತ್ತ ನಗರದ ನೆಲದ ಬೆಲೆ ಏರುತ್ತಲೇ ಇತ್ತು. ಮಾಲೀಕ ಮಾರಲು ತೀರ್ಮಾನಿಸಿದರೆ ಬಾಡಿಗೆದಾರ ತಂಡದ ಮಾತು ಕೇಳುವವರಿಲ್ಲ, ಅದು ಲೀಗ್ ಗೆದ್ದ ತಂಡವಾದರೂ ಸರಿ.

ಹೀಗೆ ಹೋದ ಜಾಗಗಳು ಒಂದೆರಡಲ್ಲ. ಹ್ಯಾರಿಂಗೇ ಸ್ಟೇಡಿಯಂ ಇದ್ದಲ್ಲಿ ಸೂಪರ್‌ಮಾರ್ಕೆಟ್ ಇದೆ. ಗ್ಲಾಸ್ಗೋದ ವೈಟ್ ಸಿಟಿಯ ಮೇಲೆ ಎಂ8 ಹೆದ್ದಾರಿ ಹಾದಿದೆ. ಮ್ಯಾಂಚೆಸ್ಟರಿನ ಬೆಲ್ ವ್ಯೂ ತಂಡ 1987ರವರೆಗೆ ಓಡಿದ ಹೈಡ್ ರೋಡ್ ಮೈದಾನ ಕಾರುಗಳ ಹರಾಜಿನ ಅಂಗಳವಾಯಿತು; ತೀರ ಸಣ್ಣ ಟ್ರ್ಯಾಕಿನಿಂದಾಗಿ ‘ಫ್ರೈಯಿಂಗ್ ಪ್ಯಾನ್’ ಎನಿಸಿಕೊಂಡಿದ್ದ ನ್ಯೂ ಕ್ರಾಸ್ ಈಗ ಉದ್ಯಾನ. ಹ್ಯಾಕ್ನಿಯಲ್ಲಿ 2012ರ ಒಲಿಂಪಿಕ್ಸ್‌ನ ಮಾಧ್ಯಮ ಕೇಂದ್ರ ಎದ್ದಿತು. ವಿಂಬಲ್ಡನ್ನಿನ ಪ್ಲೌ ಲೇನ್‌ನಲ್ಲಿ ಸ್ಟೇಡಿಯಂ ಕೆಡವಿ ಕಟ್ಟಿದ ಫುಟ್‌ಬಾಲ್ ಮೈದಾನ 2020ರಲ್ಲಿ ತೆರೆಯಿತು, ಸುತ್ತ ಅಪಾರ್ಟ್‌ಮೆಂಟುಗಳು. ಇವುಗಳ ನಡುವೆ ಕಸ್ಟಮ್ ಹೌಸ್ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಅದು ಮನೆಗಳಿಗಾಗಿ ಹೋಯಿತೆಂದು, ಜೊತೆಗೆ ಹೆಸರು ಇಟ್ಟವರಿಗೆ ಅಲ್ಲಿ ಏನಿತ್ತೆಂಬ ನೆನಪಿತ್ತೆಂದು. ಯಂಗ್ ರೋಡಿನ ಮಗು ವಿಳಾಸ ಬರೆದಾಗಲೆಲ್ಲ ಒಬ್ಬ ವಿಶ್ವ ಚಾಂಪಿಯನ್ನನ ಹೆಸರು ಬರೆಯುತ್ತದೆ.

ಆದರೆ ಬೀದಿಯ ಹೆಸರಿಗಿಂತ ಟ್ರ್ಯಾಕೇ ಉಳಿಯುವುದು ಮೇಲು, ಅದು ಅಸಾಧ್ಯವೂ ಅಲ್ಲ. ಆಕ್ಸ್‌ಫರ್ಡಿನ ಕೌಲಿಯಲ್ಲಿ 2007ರಲ್ಲಿ ಸ್ಪೀಡ್‌ವೇ ನಿಂತಿತು, 2012ರ ಕೊನೆಗೆ ನಾಯಿ ಓಟವೂ ನಿಂತಿತು. ಅಲ್ಲಿ ಮನೆ ಕಟ್ಟುವ ಪ್ರಸ್ತಾವಕ್ಕೆ ಒಪ್ಪಿಗೆ ಸಿಗಲಿಲ್ಲ. ನಗರಾಡಳಿತ ಆ ಜಾಗವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. 2022ರಲ್ಲಿ ಅಲ್ಲಿ ಮತ್ತೆ ಸ್ಪೀಡ್‌ವೇ ನಡೆಯಿತು. ಕಾವೆಂಟ್ರಿ ಬಳಿಯ ಬ್ರ್ಯಾಂಡನ್ ಇನ್ನೂ ಅತಂತ್ರ. 1928ರಿಂದ ಓಟ ಕಂಡ ಆ ಸ್ಟೇಡಿಯಂ 2016ರ ಋತು ಮುಗಿದ ಮೇಲೆ ಬಾಗಿಲು ಹಾಕಿತು. ಕಿಡಿಗೇಡಿಗಳು ಒಳಹೊಕ್ಕು ಒಡೆದರು, ಕಟ್ಟಡಕ್ಕೆ ಬೆಂಕಿಯೂ ಬಿತ್ತು. ಅಭಿಮಾನಿಗಳು ಕೈಕಟ್ಟಿ ಕೂರಲಿಲ್ಲ. ಗುಂಪು ಕಟ್ಟಿ, ದಾಖಲೆ ಕಲೆಹಾಕಿ, ವಸತಿ ಯೋಜನೆಗೆ ಲಿಖಿತ ಆಕ್ಷೇಪ ಸಲ್ಲಿಸಿದರು. ರಗ್ಬಿ ಬರೋ ಕೌನ್ಸಿಲ್ 2022ರಲ್ಲಿ ಯೋಜನೆಯನ್ನು ತಿರಸ್ಕರಿಸಿತು.