ಒಂದೇ ಮನೆತನ, ಬೇರೆ ಬೇರೆ ಕಾಯಿಲೆ

ದೇವನಹಳ್ಳಿ ತಾಲ್ಲೂಕಿನ ಕುಂದಾಣದಂತಹ ಹೋಬಳಿಗಳಲ್ಲಿ, ಹಳೆ ಮೈಸೂರು ಸೀಮೆಯ ಬೇರೆಡೆಗಳಲ್ಲಿರುವಂತೆಯೇ, ಹೆಣ್ಣು ಕೊಡುವ ಮೊದಲು ಎದುರು ಮನೆತನದಲ್ಲಿ ‘ತಲೆ ಕೆಟ್ಟವರು’ ಯಾರಾದರೂ ಇದ್ದರೇ ಎಂದು ಗುಟ್ಟಾಗಿ ವಿಚಾರಿಸುವ ರೂಢಿಯುಂಟು. ಮನೋರೋಗ ರಕ್ತದಲ್ಲೇ ಇಳಿದುಬರುತ್ತದೆಂಬ ಈ ನಂಬಿಕೆ ಅರ್ಧ ಮಾತ್ರ ಸರಿ. ತಂದೆತಾಯಿಗಳಿಂದ ಮಕ್ಕಳಿಗೆ ದಾಟುವುದು ಕಾಯಿಲೆಯಲ್ಲ, ಕಾಯಿಲೆಯತ್ತ ವಾಲುವ ಒಲವು, ಮತ್ತು ಆ ಒಲವು ಒಂದೇ ಕಾಯಿಲೆಗೆ ಕಟ್ಟುಬಿದ್ದಿರುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಕೂಡಿ ನಡೆಸಿರುವ ದೀರ್ಘಕಾಲದ ಅಧ್ಯಯನವೊಂದು, ಹತ್ತಿರದ ರಕ್ತಸಂಬಂಧಿಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ತೀವ್ರ ಮನೋರೋಗವಿರುವ ಕುಟುಂಬಗಳನ್ನೇ ಆರಿಸಿಕೊಂಡಿದೆ. ಅದು ಸ್ಕಿಜೋಫ್ರೀನಿಯಾ, ಅತ್ಯುತ್ಸಾಹ ಮತ್ತು ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆ, ಗೀಳು ಕಾಯಿಲೆ, ಮದ್ಯವ್ಯಸನ, ಮುಪ್ಪಿನ ಮರೆವಿನ ಕಾಯಿಲೆ ಎಂಬ ಐದನ್ನೂ ಒಟ್ಟಿಗೆ ಪರಿಶೀಲಿಸುತ್ತದೆ. ಐದನ್ನೂ ಒಂದೇ ಅಧ್ಯಯನದೊಳಗೆ ತರಲು ಕಾರಣವಿದೆ: ಒಂದೇ ಮನೆಯಲ್ಲಿ ಅಣ್ಣನಿಗೆ ಒಂದು ರೋಗ, ತಂಗಿಗೆ ಮತ್ತೊಂದು, ಚಿಕ್ಕಪ್ಪನಿಗೆ ಕುಡಿತದ ಚಟ ಕಾಣಿಸಿಕೊಳ್ಳುವುದುಂಟು. ಇಂತಹವರ ರಕ್ತಕಣಗಳನ್ನು ಆಕರಕೋಶಗಳಾಗಿ, ಅಂದರೆ ಬೇರಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ನರಕೋಶಗಳನ್ನು ಬೆಳೆಸಿ, ಅದೇ ಕುಟುಂಬದ ಆರೋಗ್ಯವಂತರ ಕೋಶಗಳೊಡನೆ ಹೋಲಿಸಲಾಗುತ್ತದೆ.

ಸ್ವೀಡನ್ನಿನ ಸುಮಾರು 20 ಲಕ್ಷ ಕುಟುಂಬಗಳ ದಾಖಲೆಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವು, ಸ್ಕಿಜೋಫ್ರೀನಿಯಾ ಇರುವವರ ಒಡಹುಟ್ಟಿದವರಲ್ಲಿ ಬೈಪೋಲಾರ್ ಕಾಯಿಲೆಯ ಸಂಭವವೂ ಹೆಚ್ಚೆಂದು ತೋರಿಸಿತು. 2013ರಲ್ಲಿ ಬೇರೆ ಬೇರೆ ಮನೋರೋಗಗಳಿರುವವರ ಡಿಎನ್‌ಎಯನ್ನು ಒಟ್ಟಿಗೆ ಪರಿಶೀಲಿಸಿದಾಗ, ನರಕೋಶದೊಳಗೆ ಕ್ಯಾಲ್ಸಿಯಂ ಹರಿಯುವ ದ್ವಾರಗಳನ್ನು ರೂಪಿಸುವ ವಂಶವಾಹಿಗಳಲ್ಲಿನ ವ್ಯತ್ಯಾಸಗಳು ಒಂದಕ್ಕಿಂತ ಹೆಚ್ಚು ರೋಗಗಳೊಡನೆ ನಂಟು ಹೊಂದಿರುವುದು ಕಂಡುಬಂದಿತು. ನರಕೋಶಗಳ ಸಂಕೇತ ವಿನಿಮಯಕ್ಕೆ ಕ್ಯಾಲ್ಸಿಯಂ ಮೂಲವಾದ್ದರಿಂದ, ಆ ದ್ವಾರದಲ್ಲಿನ ಅಲ್ಪ ಏರುಪೇರೂ ಮಿದುಳಿನ ಹಲವು ಜಾಲಗಳನ್ನು ತಟ್ಟಬಹುದು. ಅದು ಯಾವ ರೋಗವಾಗಿ ಪ್ರಕಟವಾಗುತ್ತದೆಂಬುದು ಉಳಿದ ವಂಶವಾಹಿಗಳನ್ನೂ ಬದುಕಿನ ಪರಿಸ್ಥಿತಿಗಳನ್ನೂ ಅವಲಂಬಿಸಿದೆ. ಸ್ಕಿಜೋಫ್ರೀನಿಯಾವೊಂದಕ್ಕೇ ಸಂಬಂಧಿಸಿದ 287 ಡಿಎನ್‌ಎ ತಾಣಗಳು 2022ರಲ್ಲಿ ಪಟ್ಟಿಯಾದವು, ಮತ್ತು ಅವುಗಳಲ್ಲಿನ ಪ್ರತಿಯೊಂದು ಸಾಮಾನ್ಯ ವ್ಯತ್ಯಾಸದ ಪ್ರಭಾವವೂ ತೀರ ಚಿಕ್ಕದು. ಡಿಎನ್‌ಎ ಬಹುತೇಕ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಈ ರೋಗವಿದ್ದಾಗ ಇನ್ನೊಬ್ಬರಿಗೂ ಬರುವ ಸಂಭವ ಅರ್ಧಕ್ಕಿಂತ ಮೇಲಲ್ಲ; ಹೆರಿಗೆಯ ತೊಡಕು, ಬಾಲ್ಯದ ಸಂಕಷ್ಟ, ಹರೆಯದ ಗಾಂಜಾ ಸೇವನೆ ಇವೂ ಲೆಕ್ಕಕ್ಕೆ ಬರುತ್ತವೆ.

ಈ ಹಂತದಲ್ಲಿ ಸೋದರಮಾವನೊಡನೆ ನಡೆಯುವ ಮದುವೆಯ ಪ್ರಶ್ನೆ ಏಳುವುದು ಸಹಜ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ನವಜಾತ ಶಿಶುಗಳ ತಪಾಸಣೆಯೊಡನೆ ನಡೆದ ಅಧ್ಯಯನಗಳಲ್ಲಿ ಸುಮಾರು ಮೂರನೇ ಒಂದರಷ್ಟು ಮದುವೆಗಳು ರಕ್ತಸಂಬಂಧದೊಳಗಿನವಾಗಿದ್ದವು. ಮಾವ ಮತ್ತು ಅಕ್ಕನ ಮಗಳು ವಂಶವಾಹಿಗಳ ನಾಲ್ಕನೇ ಒಂದು ಭಾಗವನ್ನು ಹಂಚಿಕೊಂಡಿರುವುದರಿಂದ, ತಂದೆತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಅಪರೂಪದ ರೋಗಗಳು ಅಂತಹ ದಂಪತಿಗಳ ಮಕ್ಕಳಲ್ಲಿ ಹೆಚ್ಚು. ಆದರೆ ಸಾವಿರಾರು ಸಣ್ಣ ವ್ಯತ್ಯಾಸಗಳು ಕೂಡಿ ಉಂಟಾಗುವ ಸಾಮಾನ್ಯ ರೋಗಗಳ ಮಟ್ಟಿಗೆ ಈ ನಂಟು ಅಷ್ಟು ನೇರವಲ್ಲ. ಹೊರಗಿನ ಸಂಬಂಧ ಬೆಳೆಸಿದೊಡನೆ ಮನೋರೋಗದ ಭಯ ತೊಲಗಿತೆನ್ನುವುದು ಹುಸಿ ನೆಮ್ಮದಿ.

ಡಿಎನ್‌ಎಯ ಇಂತಹ ಸಣ್ಣ ವ್ಯತ್ಯಾಸಗಳನ್ನೆಲ್ಲ ಕೂಡಿಸಿ ವ್ಯಕ್ತಿಯ ಅಪಾಯವನ್ನು ಅಂಕದಲ್ಲಿ ಹೇಳುವ ವಿಧಾನ ಹೆಚ್ಚಾಗಿ ಐರೋಪ್ಯರ ಡಿಎನ್‌ಎಯಿಂದ ರೂಪುಗೊಂಡಿದ್ದು, ಭಾರತೀಯರಲ್ಲಿ ಅದರ ನಿಖರತೆ ಕಡಿಮೆ. ಈ ಕೊರತೆ ತುಂಬಲು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದ ಜೀನೋಮ್‌ಇಂಡಿಯಾ ಯೋಜನೆ ಸುಮಾರು 10,000 ಮಂದಿಯ ಡಿಎನ್‌ಎ ಓದಿದ್ದು, ಅದರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಅಂಕ ನಂಬಲರ್ಹವಾಗುವವರೆಗೆ ವೈದ್ಯರಿಗೆ ಹೆಚ್ಚು ಉಪಯೋಗಿ ಕುಟುಂಬದ ವಿವರವೇ. ಖಿನ್ನತೆಯೆಂದು ಬಂದವರ ತಾಯಿಗೋ ಅಣ್ಣನಿಗೋ ಹಿಂದೆ ಅತ್ಯುತ್ಸಾಹದ ಅವಧಿಗಳಿದ್ದವೆಂದು ತಿಳಿದರೆ, ಖಿನ್ನತೆಯ ಗುಳಿಗೆಯೊಂದನ್ನೇ ಬರೆಯುವ ಮುನ್ನ ವೈದ್ಯರು ಬೈಪೋಲಾರ್ ಸಾಧ್ಯತೆಯನ್ನು ಪರಿಶೀಲಿಸುತ್ತಾರೆ, ಏಕೆಂದರೆ ಆ ಕಾಯಿಲೆಯಲ್ಲಿ ಅದೇ ಗುಳಿಗೆ ರೋಗಿಯನ್ನು ಅತ್ಯುತ್ಸಾಹಕ್ಕೆ ತಳ್ಳಬಹುದು.