ಅನಿಲನಾಳದ ಶೋಧನೆಯೂ ಸಾರಜನಕವೂ

ಹುಣಸೂರು, ಪಿರಿಯಾಪಟ್ಟಣ ಮೊದಲಾದ ರಾಗಿಯ ಸೀಮೆಗಳಲ್ಲಿ ಧಾನ್ಯವನ್ನು ಹಗೇವಿನಲ್ಲಿ ತುಂಬಿಡುವ ರೂಢಿಯಿದ್ದಿತು. ಮುಚ್ಚಿದ ಹಗೇವಿನಲ್ಲಿ ಧಾನ್ಯದ ಉಸಿರಾಟದಿಂದ ಆಮ್ಲಜನಕವು ಕುಂದಿ ಇಂಗಾಲಾಮ್ಲವಾಯುವು ಹೆಚ್ಚುವುದು. ಆದಕಾರಣ ಬಾಯಿ ತೆರೆದು, ಗಾಳಿಯಾಡಿಸಿ, ದೀಪವನ್ನು ಇಳಿಬಿಟ್ಟು, ಅದು ನಂದದಿದ್ದರೆ ಮಾತ್ರ ಆಳು ಇಳಿಯುವನು.

2013ರಲ್ಲಿ ಬೆಂಗಳೂರಿಗೆ ಅನಿಲವನ್ನು ತಂದ ದಾಭೋಳದ ನಾಳದಂತಹವುಗಳಿಗೆ ಈ ಕ್ರಮವು ಸಲ್ಲದು. ಅವುಗಳಲ್ಲಿ ಹರಿಯುವ ಮೀಥೇನು ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಬೆರೆತಾಗ ಒಂದು ಕಿಡಿಯಿಂದಲೇ ಸಿಡಿಯುವುದು. ನಾಳವನ್ನು ಕೆಲಸದಿಂದ ತೆಗೆಯುವಾಗ ನೇರವಾಗಿ ಗಾಳಿಯನ್ನು ಬಿಟ್ಟರೆ ಆ ಮಿಶ್ರಣವು ಒಳಗೇ ಉಂಟಾಗುವುದು. ಆದುದರಿಂದ ಮೊದಲು ಒತ್ತಡವನ್ನಿಳಿಸಿ, ಒಂದು ತುದಿಯಿಂದ ಸಾರಜನಕವನ್ನು ನುಗ್ಗಿಸಿ, ಮತ್ತೊಂದರಿಂದ ಮೀಥೇನನ್ನು ಹೊರದೂಡುವರು. ಹೊರಬರುವ ಅನಿಲವನ್ನು ಮಾಪಕದಿಂದ ಪರೀಕ್ಷಿಸುವರು. ತಾನು ಉರಿಯದೆ, ಉರಿಗೆ ನೆರವೂ ಆಗದ ಸಾರಜನಕವು ಮೀಥೇನಿಗೂ ಗಾಳಿಗೂ ನಡುವೆ ತಡೆಯಾಗಿ ನಿಲ್ಲುವುದು.

ಕನ್ನಡದಲ್ಲಿ ‘ಸಾರಜನಕ’ವೆನಿಸಿದ ಇದಕ್ಕೆ ಲವಾಸಿಯೆ ಮೊದಲಾದ ಫ್ರೆಂಚ್ ರಸಾಯನಜ್ಞರು 1787ರಲ್ಲಿ ‘ಅಜೋಟ್’, ಎಂದರೆ ನಿರ್ಜೀವ, ಎಂಬ ಗ್ರೀಕ್ ಮೂಲದ ಹೆಸರನ್ನಿತ್ತರು. ಆ ಹೆಸರು ಎಚ್ಚರಿಕೆಯೂ ಹೌದು. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲವು ತುಂಬಿದೆಡೆಯನ್ನು ಹೊಕ್ಕವನಿಗೆ ಉಸಿರುಕಟ್ಟಿದಂತೆಯೂ ತೋರದು. ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪುವುದು. ಕಿಡಿಯ ಭಯವು ಕಳೆದ ಮೇಲೂ ಹಗೇವಿನ ನಿಯಮವು ಉಳಿದೇ ಇರುವುದು: ಗಾಳಿಯಾಡಿಸಿ, ದೀಪಕ್ಕೆ ಬದಲಾಗಿ ಆಮ್ಲಜನಕಮಾಪಕದಿಂದ ನೋಡಿಯೇ ಒಳಹೋಗತಕ್ಕದ್ದು.