ಪುಣೆಯಲ್ಲಿ ‘ಮೆಸ್’ ಅಂದ್ರೆ ಊಟ, ಇಂಗ್ಲಿಷ್‌ನಲ್ಲಿ ಗೊಂದಲ! ಒಂದೇ ಪದಕ್ಕೆ ಇಷ್ಟೊಂದು ಅರ್ಥ ಬಂದಿದ್ದು ಹೇಗೆ?

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಓದಲು ಅಥವಾ ಕೆಲಸ ಹುಡುಕಿಕೊಂಡು ಪುಣೆಗೆ ಹೋದವರು ರೂಮ್ ಸಿಕ್ಕ ಕೂಡಲೇ ಕೇಳುವ ಮುಂದಿನ ಪ್ರಶ್ನೆ, ‘ಇಲ್ಲಿ ಒಳ್ಳೆ ಮೆಸ್ ಎಲ್ಲಿದೆ?’ ಅದೇ ಹುಡುಗ ಅಥವಾ ಹುಡುಗಿ ಸಂಜೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್‌ಗೆ ಹೋದರೆ, ‘ಮೆಸ್’ ಅಂದ್ರೆ ಗಲೀಜು, ಅಸ್ತವ್ಯಸ್ತ, ಗೊಂದಲ ಎಂದು ಹೇಳಿಕೊಡುತ್ತಾರೆ. ಹಾಗಾದರೆ ನಾವು ಊಟದ ಜಾಗಕ್ಕೆ ಮೆಸ್ ಅನ್ನುವುದು ತಪ್ಪಾ? ಖಂಡಿತ ಅಲ್ಲ. ನಿಜ ಹೇಳಬೇಕೆಂದರೆ, ಊಟದ ಅರ್ಥವೇ ಹಳೆಯದು. ಗೊಂದಲದ ಅರ್ಥ ಬಂದಿದ್ದು ಎಷ್ಟೋ ಶತಮಾನಗಳ ನಂತರ.

ಮೂಲ ಎಲ್ಲಿಯದು?

ಲ್ಯಾಟಿನ್ ಭಾಷೆಯಲ್ಲಿ ‘ಮಿಟ್ಟೆರೆ’ ಅಂದ್ರೆ ಕಳುಹಿಸು. ಅದರಿಂದ ಬಂದ ‘ಮಿಸ್ಸುಸ್’ ಅಂದ್ರೆ ಕಳುಹಿಸಿದ್ದು. ಅಡುಗೆ ಮನೆಯಿಂದ ಊಟದ ಮೇಜಿಗೆ ಕಳುಹಿಸಿದ ಒಂದು ಸುತ್ತಿನ ತಿನಿಸಿಗೂ ಈ ಹೆಸರು ಬಂತು. ಹಳೆಯ ಫ್ರೆಂಚ್‌ನಲ್ಲಿ ಇದು ‘ಮೆಸ್’ ಆಯಿತು, ಸುಮಾರು 1300ರ ಹೊತ್ತಿಗೆ ಇಂಗ್ಲಿಷ್‌ಗೆ ಸೇರಿತು. ಆಗ ಅದರ ಅರ್ಥ ಒಬ್ಬರಿಗೆ ಬಡಿಸಿದ ಊಟದ ಪಾಲು ಎಂದಷ್ಟೇ.

ನಾವು ದಿನವೂ ಬಳಸುವ ಮೆಸೇಜ್, ಮಿಷನ್, ಮಿಸೈಲ್, ಪರ್ಮಿಟ್, ಕಮಿಟಿ ಎಲ್ಲವೂ ಇದೇ ‘ಮಿಟ್ಟೆರೆ’ಯ ಮಕ್ಕಳು. ಅಂದರೆ ಮೆಸ್‌ನ ಡಬ್ಬಿಯೂ ಮೊಬೈಲ್‌ನ ಮೆಸೇಜೂ ಒಂದೇ ಮನೆತನದವು!

ನಾಲ್ವರ ಪಂಕ್ತಿ

15ನೇ ಶತಮಾನದ ಹೊತ್ತಿಗೆ ಒಟ್ಟಿಗೆ ಕೂತು ಉಣ್ಣುವ ಗುಂಪಿಗೂ ಮೆಸ್ ಎಂಬ ಹೆಸರು ಬಂತು. ದೊಡ್ಡ ಔತಣಗಳಲ್ಲಿ ನಾಲ್ಕು ಜನರಿಗೆ ಒಂದು ಮೆಸ್ ಎಂಬ ಲೆಕ್ಕವಿತ್ತು. ಲಂಡನ್ನಿನ ಕಾನೂನು ಸಂಸ್ಥೆಗಳಲ್ಲಿ ಈ ಪದ್ಧತಿ ಬಹುಕಾಲ ಉಳಿಯಿತು. 1888ರಲ್ಲಿ ಬ್ಯಾರಿಸ್ಟರ್ ಓದಲು ಇನ್ನರ್ ಟೆಂಪಲ್ ಸೇರಿದ ಗಾಂಧೀಜಿ ಆತ್ಮಕಥೆಯಲ್ಲಿ ಇದನ್ನು ನೆನೆದಿದ್ದಾರೆ. ನಾಲ್ವರ ಗುಂಪಿಗೆ ಎರಡು ಬಾಟಲಿ ವೈನ್ ಕೊಡುತ್ತಿದ್ದರು. ಗಾಂಧೀಜಿ ಮುಟ್ಟುತ್ತಿರಲಿಲ್ಲ. ಹಾಗಾಗಿ ಅವರನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳಲು ಉಳಿದವರಿಗೆ ಎಲ್ಲಿಲ್ಲದ ಆಸೆ!

ಹಡಗು, ಸೈನ್ಯದಲ್ಲೂ ಒಟ್ಟಿಗೆ ಉಣ್ಣುವ ತಂಡಕ್ಕೆ, ಆಮೇಲೆ ಉಣ್ಣುವ ಜಾಗಕ್ಕೆ ಮೆಸ್ ಎಂಬ ಹೆಸರು ನಿಂತಿತು.

ಗಲೀಜು ಆಗಿದ್ದು ಯಾವಾಗ?

18ನೇ ಶತಮಾನದಲ್ಲಿ ಪ್ರಾಣಿಗಳಿಗೆ ಹಾಕುವ ಕಲಸುಮೇಲೋಗರದ ತಿನಿಸಿಗೂ ಮೆಸ್ ಅನ್ನತೊಡಗಿದರು. ಅಲ್ಲಿಂದ ಪದದ ಮಾನ ಇಳಿಯಿತು. 19ನೇ ಶತಮಾನದಲ್ಲಿ ಕಲಸುಮೇಲೋಗರ ಹೋಗಿ ಗೊಂದಲ, ಗೊಂದಲ ಹೋಗಿ ಕೊಳಕು ಆಯಿತು. ನಮ್ಮಲ್ಲೂ ‘ಎಲ್ಲಾ ಚಿತ್ರಾನ್ನ ಆಯ್ತು’ ಅನ್ನುತ್ತೇವಲ್ಲ, ಹಾಗೆಯೇ.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಸ್ಟ್ರಾಬೆರಿ, ಕ್ರೀಮ್, ಮೆರಾಂಗ್ ಬೆರೆಸಿದ ಸಿಹಿಗೆ ಇಂಗ್ಲೆಂಡಿನಲ್ಲಿ ‘ಈಟನ್ ಮೆಸ್’ ಎಂದೇ ಹೆಸರು. ಬೈಬಲ್ ಕಥೆಯ ಏಸಾವ ಹಸಿವು ತಾಳದೆ ಬೇಳೆಯ ಅಡುಗೆಗಾಗಿ ಚೊಚ್ಚಲ ಮಗನ ಹಕ್ಕನ್ನೇ ತಮ್ಮನಿಗೆ ಮಾರುತ್ತಾನೆ. ಆ ಒಂದು ಬಟ್ಟಲಿಗೂ ಇಂಗ್ಲಿಷ್ ನುಡಿಗಟ್ಟಿನಲ್ಲಿ ಮೆಸ್ ಎಂದೇ ಹೆಸರು.

ಪುಣೆಯ ಮೆಸ್

1817ರ ಖಡ್ಕಿ ಯುದ್ಧದ ಬಳಿಕ ಪುಣೆ ಬ್ರಿಟಿಷರ ದೊಡ್ಡ ದಂಡು ಪ್ರದೇಶವಾಯಿತು. ಆಫೀಸರ್ಸ್ ಮೆಸ್‌ಗಳು ಬಂದವು. ಇಂದಿಗೂ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೆಸ್‌ನಲ್ಲಿ ಎರಡು ಸಾವಿರದಷ್ಟು ಕೆಡೆಟ್‌ಗಳು ಒಟ್ಟಿಗೆ ಊಟಕ್ಕೆ ಕೂರುತ್ತಾರೆ.

ಊರೊಳಗಿನ ಪೇಠೆಗಳ ಕಥೆ ಬೇರೆ. ಅಲ್ಲಿ ಬಡ ವಿದ್ಯಾರ್ಥಿಗಳಿಗೆ ಇದ್ದದ್ದು ವಾರಾನ್ನ ಮತ್ತು ಮಧುಕರಿ. ವಾರಾನ್ನ ಅಂದ್ರೆ ದಿನಕ್ಕೊಂದು ಮನೆಯಲ್ಲಿ ಊಟ. ಮಧುಕರಿ ಅಂದ್ರೆ ಮನೆಮನೆಯ ಭಿಕ್ಷೆ. ಇಂಥ ಹುಡುಗರಿಗಾಗಿಯೇ 1909ರಲ್ಲಿ ಪುಣೆಯಲ್ಲಿ ಅನಾಥ ವಿದ್ಯಾರ್ಥಿ ಗೃಹ ಶುರುವಾಯಿತು. ಈಗ ಅದು ಪುಣೆ ವಿದ್ಯಾರ್ಥಿ ಗೃಹ. ಆಗ ಧಾರವಾಡ, ಬೆಳಗಾವಿ, ವಿಜಯಪುರ ಕೂಡ ಮುಂಬೈ ಪ್ರಾಂತ್ಯದಲ್ಲಿದ್ದವು. ಕಾಲೇಜು ಓದಬೇಕೆಂದರೆ ಅಲ್ಲಿನ ಅನೇಕರ ದಾರಿ ಪುಣೆಯ ಕಡೆಗೇ. ವರಕವಿ ದ.ರಾ. ಬೇಂದ್ರೆ ಬಿ.ಎ. ಓದಿದ್ದೂ ಅಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ.

ದುಡ್ಡು ಕೊಟ್ಟು ಉಣ್ಣುವ ಜಾಗಕ್ಕೆ ಮರಾಠಿಯಲ್ಲಿ ‘ಖಾಣಾವಳ’ ಎಂಬ ಹೆಸರಿತ್ತು. ಉತ್ತರ ಕರ್ನಾಟಕದ ರೊಟ್ಟಿ ಊಟದ ‘ಖಾನಾವಳಿ’ ಇದರದೇ ಸೋದರ. ಈಗ ಪುಣೆಯ ವಿದ್ಯಾರ್ಥಿಗಳ ಬಾಯಲ್ಲಿ ಖಾಣಾವಳಕ್ಕಿಂತ ಮೆಸ್ ಹೆಚ್ಚು. ಆ ಪುಟ್ಟ ಪದದ ಸುತ್ತ ಒಂದು ಲೋಕವೇ ಇದೆ. ತಿಂಗಳ ಕಾರ್ಡ್, ಊರಿಗೆ ಹೋದ ದಿನಗಳನ್ನು ಲೆಕ್ಕದಿಂದ ಬಿಡಿಸುವ ‘ಖಾಡಾ’, ಭಾನುವಾರ ಮಧ್ಯಾಹ್ನ ಸಿಹಿ ಸೇರಿದ ‘ಫೀಸ್ಟ್’, ಅಂದು ರಾತ್ರಿ ಹಲವು ಕಡೆ ಮುಚ್ಚಿದ ಬಾಗಿಲು. ಎಷ್ಟೋ ಮೆಸ್‌ಗಳು ನಡೆಯುವುದು ಮನೆಯ ಅಡುಗೆ ಕೋಣೆಯಲ್ಲೇ. ನಡೆಸುವ ಹೆಂಗಸರನ್ನು ಮಕ್ಕಳು ‘ಕಾಕು’ ಅಂದ್ರೆ ಚಿಕ್ಕಮ್ಮ ಎಂದೇ ಕರೆಯುತ್ತಾರೆ.

ಈ ಮೆಸ್ ಎಷ್ಟು ಮುಖ್ಯ ಎಂಬುದು ಗೊತ್ತಾಗಿದ್ದು 2020ರ ಮಾರ್ಚ್‌ನಲ್ಲಿ. ಲಾಕ್‌ಡೌನ್ ಘೋಷಣೆಯಾಗಿ ಮೆಸ್‌ಗಳು ಮುಚ್ಚಿದಾಗ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಎಷ್ಟೋ ಮಕ್ಕಳು ರೂಮಿನಲ್ಲಿ ಒಲೆ, ಪಾತ್ರೆ ಏನೂ ಇಲ್ಲದೆ ಊಟಕ್ಕೆ ಪರದಾಡಿದರು. ಸ್ವಯಂಸೇವಕರು ತಂದುಕೊಟ್ಟ ಪೊಟ್ಟಣವೇ ಎಷ್ಟೋ ಜನರ ಹೊಟ್ಟೆ ತುಂಬಿಸಿತು. ಯಾರೋ ಕಳುಹಿಸಿದ ಊಟ. ಲ್ಯಾಟಿನ್‌ನ ಆ ಹಳೆಯ ಪದಕ್ಕೂ ಇದೇ ಅರ್ಥ.

ಹಾಗಾಗಿ ಇಂಗ್ಲಿಷ್ ಕ್ಲಾಸ್‌ನಲ್ಲಿ ಯಾರಾದರೂ ನಿಮ್ಮ ‘ಮೆಸ್’ ಕೇಳಿ ನಕ್ಕರೆ ನಾಚಿಕೊಳ್ಳಬೇಡಿ. ನೀವು ಬಳಸುತ್ತಿರುವುದು 700 ವರ್ಷ ಹಳೆಯ ಅರ್ಥ!